ಭಾವನ ಕಾರಿನ ಆಂಪ್ ಯಾಕೆ ಕೆಂಪು ದೀಪ ತೋರಿಸುತ್ತಿತ್ತು

ಹತ್ತು ನಿಮಿಷ ಹಾಡು ಚೆನ್ನಾಗಿಯೇ ಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಬೇಸೂ ಮುಂದಿನ ಸ್ಪೀಕರುಗಳೂ ಮೌನ. ಡಿಕ್ಕಿ ತೆಗೆದು ನೋಡಿದರೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್, ಅಂದರೆ ಆಂಪ್, ಮುಟ್ಟಲಾಗದಷ್ಟು ಬಿಸಿ, ಹಸಿರು ದೀಪ ಇರಬೇಕಾದಲ್ಲಿ ಕೆಂಪು ದೀಪ. ಕಾಲು ಗಂಟೆ ಆರಲು ಬಿಟ್ಟರೆ ಮತ್ತೆ ಹತ್ತು ನಿಮಿಷ ಹಾಡು. ಶಿವಮೊಗ್ಗದಿಂದ ಸಾಗರಕ್ಕೆ ಬರುವಷ್ಟರಲ್ಲಿ ನಾಲ್ಕು ಸಲ ಹೀಗಾಯಿತು ಅಂತ ಭಾವ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿಯುವಾಗಲೇ ಶುರುಮಾಡಿದರು.

"ಆಂಪ್ ಸಣ್ಣದಾಯ್ತು ಮಾರಾಯ. ಹಾಕಿಕೊಟ್ಟವರು ಇದಕ್ಕಿಂತ ದೊಡ್ಡದು ಹಾಕೋಣ ಅಂತಾರೆ. ನೀ ಒಮ್ಮೆ ನೋಡಿ ಹೇಳು."

ನಾನು ಕಾರ್ ಆಡಿಯೊ ಅಂಗಡಿ ಇಟ್ಟವನಲ್ಲ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ನನ್ನ ಕೆಲಸ. ಆದರೆ ಸ್ಪೀಕರ್ ಒಳಗಿರುವುದೂ ಒಂದು ಕಾಯಿಲ್, ಒಂದು ಅಯಸ್ಕಾಂತ. ಸೀರೀಸ್, ಪ್ಯಾರಲಲ್, ಎಷ್ಟು ಓಮ್, ಎಷ್ಟು ಆಂಪಿಯರ್ ಅನ್ನುವ ಲೆಕ್ಕ ಅಲ್ಲಿಯೂ ಇಲ್ಲಿಯೂ ಒಂದೇ. ನನ್ನ ಸ್ವಂತ ಕಾರಿಗೆ ಮೂರು ವರ್ಷದ ಹಿಂದೆ ನಾನೇ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್, ಕೂರಿಸಿಕೊಂಡಿದ್ದೆ. ಹಾಗಾಗಿ, ದೊಡ್ಡ ಆಂಪ್‌ಗೆ ದುಡ್ಡು ಕೊಡುವ ಮೊದಲು ಈಗಿರುವುದನ್ನು ಅಳೆದು ನೋಡೋಣ, ಎರಡು ಭಾನುವಾರ ಕೊಡಿ ಭಾವ ಅಂದೆ.

ಮೊದಲ ಭಾನುವಾರ

ಕಾರು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಡಿಕ್ಕಿಯಲ್ಲಿ 12 ಇಂಚಿನ ಸಬ್ ಇರುವ ರೆಡಿಮೇಡ್ ಬಾಕ್ಸ್, ಅದರ ಬೆನ್ನಿಗೆ ನಾಲ್ಕು ಚಾನೆಲ್ ಆಂಪ್. ಮುಂದಿನ ಎರಡು ಬಾಗಿಲಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್, ಹಿಂದೆ ಕಾರಿನ ಜೊತೆಗೇ ಬಂದ ಸ್ಪೀಕರ್. ಮುಂದಿನವು ಆಂಪ್‌ನ ಒಂದು ಮತ್ತು ಎರಡನೇ ಚಾನೆಲ್‌ನಿಂದ ಓಡುತ್ತವೆ. ಮೂರು ನಾಲ್ಕನ್ನು ಬ್ರಿಡ್ಜ್ ಮಾಡಿ, ಅಂದರೆ ಎರಡನ್ನೂ ಒಂದಾಗಿ ಸೇರಿಸಿ, ಸಬ್‌ಗೆ ಕೊಟ್ಟಿದ್ದಾರೆ. ಹಿಂದಿನವು ನೇರ ಸ್ಟೀರಿಯೊದಿಂದ.

ಆಂಪ್ ಮೇಲೆ ದಪ್ಪ ಅಕ್ಷರದಲ್ಲಿ 2000 ವ್ಯಾಟ್ ಅಂತ ಬರೆದಿದೆ. ಭಾವ ಅದನ್ನು ಹೆಮ್ಮೆಯಿಂದಲೇ ತೋರಿಸಿದರು. ನಾನು ಕೇಳಿದ್ದು ಜೊತೆಗೆ ಬಂದ ಪುಸ್ತಕವನ್ನು. ಪುಣ್ಯಕ್ಕೆ ಅಕ್ಕ ಅದನ್ನು ಕಾರಿನ ಕಾಗದಪತ್ರದ ಜೊತೆ ಜೋಪಾನವಾಗಿ ಇಟ್ಟಿದ್ದಳು. ಒಳಗಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ನಿಜ ಇತ್ತು: 4 ಓಮ್‌ಗೆ ಚಾನೆಲ್‌ಗೆ 75 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ), 2 ಓಮ್‌ಗೆ 100, ಬ್ರಿಡ್ಜ್ ಮಾಡಿದರೆ 4 ಓಮ್‌ಗೆ 200. ಬ್ರಿಡ್ಜ್‌ನಲ್ಲಿ 4 ಓಮ್‌ಗಿಂತ ಕಡಿಮೆ ಕೂಡದು ಅಂತಲೂ ಬರೆದಿತ್ತು.

ಪುಸ್ತಕ ಸಿಗದವರಿಗೆ ಇನ್ನೊಂದು ದಾರಿ ಇದೆ, ಆಂಪ್‌ಗೆ ಚುಚ್ಚಿರುವ ಫ್ಯೂಸ್ ನೋಡುವುದು. ಇದರಲ್ಲಿ 25 ಆಂಪಿಯರಿನ ಎರಡು, ಒಟ್ಟು 50. ಎಂಜಿನ್ ಓಡುವಾಗ ಸುಮಾರು 13.8 ವೋಲ್ಟ್ ಅಂತ ಹಿಡಿದರೆ ಒಳಗೆ ಹೋಗುವುದೇ ಹೆಚ್ಚೆಂದರೆ 690 ವ್ಯಾಟ್. ಇದು ಕ್ಲಾಸ್ ಎಬಿ ಆಂಪ್, ಒಳಗೆ ಹೋದದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸ್ಪೀಕರಿಗೆ, ಉಳಿದದ್ದು ಶಾಖಕ್ಕೆ. ಅಂದರೆ ಹೊರಬರುವುದು 350ರಿಂದ 400 ವ್ಯಾಟ್. 690 ವ್ಯಾಟ್ ತಿನ್ನುವ ಪೆಟ್ಟಿಗೆ 2000 ವ್ಯಾಟ್ ಕೊಡಲಾರದು. ಅಮೆರಿಕದಲ್ಲಿ ಇದಕ್ಕೆಂದೇ ಸಿಇಎ-2006 ಅನ್ನುವ ಅಳತೆ ಕ್ರಮ ಮಾಡಿದ್ದಾರೆ. 14.4 ವೋಲ್ಟ್ ಕೊಟ್ಟು, ಶೇಕಡಾ 1ಕ್ಕಿಂತ ಹೆಚ್ಚು ವಿರೂಪ ಇಲ್ಲದೆ ಎಷ್ಟು ವ್ಯಾಟ್ ಬರುತ್ತದೋ ಅದನ್ನೇ ಬರೆಯಬೇಕು. ಆ ಗುರುತು ಇರುವ ಆಂಪ್ ಸಿಕ್ಕಿದರೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ.

ಇನ್ನು ಸಬ್. ಇದು ಡ್ಯುಯಲ್ ವಾಯ್ಸ್ ಕಾಯಿಲ್ ಇರುವಂಥದ್ದು, 300 ವ್ಯಾಟ್ ಆರ್‌ಎಂಎಸ್, ಒಂದೊಂದು ಕಾಯಿಲ್ 4 ಓಮ್. ಒಂದೇ ಕೋನ್‌ಗೆ ಎರಡು ಬೇರೆ ಬೇರೆ ಸುರುಳಿ ತಂತಿ, ನಾಲ್ಕು ಟರ್ಮಿನಲ್. ಬಾಕ್ಸ್‌ನಿಂದ ಬರುವ ಎರಡು ವೈರ್ ಆಂಪ್‌ನಿಂದ ಬಿಡಿಸಿ ಮಲ್ಟಿಮೀಟರ್ ಇಟ್ಟೆ. 1.8 ಓಮ್ ತೋರಿಸಿತು. ಮೀಟರ್ ಅಳೆಯುವುದು ಡಿಸಿ ಪ್ರತಿರೋಧವನ್ನು, ಹೇಳುವ ಓಮ್‌ಗಿಂತ ಅದು ಯಾವಾಗಲೂ ಸ್ವಲ್ಪ ಕಡಿಮೆ. 4 ಓಮ್ ಕಾಯಿಲ್ ಮೂರೂವರೆ ಆಸುಪಾಸು ತೋರಿಸುತ್ತದೆ. 1.8 ಬಂತೆಂದರೆ ಎರಡೂ ಕಾಯಿಲ್ ಪ್ಯಾರಲಲ್, ಅಂದರೆ 2 ಓಮ್.

ರೋಗ ಸಿಕ್ಕಿತು.

ಬ್ರಿಡ್ಜ್ ಅಂದರೆ ಎರಡು ಚಾನೆಲ್ ಒಂದೇ ಸ್ಪೀಕರಿನ ಎರಡು ತುದಿ ಹಿಡಿಯುವುದು. ಹಿಂದೆ ನಾಟಾ ಕೊಯ್ಯುವವರು ಉದ್ದ ಗರಗಸವನ್ನು ಇಬ್ಬರು ಹಿಡಿದು ಒಬ್ಬ ಎಳೆದಾಗ ಇನ್ನೊಬ್ಬ ಬಿಡುತ್ತಿದ್ದರಲ್ಲ, ಹಾಗೆ. ಹೀಗಾಗಿ ಒಂದೊಂದು ಚಾನೆಲ್‌ಗೆ ಕಾಣುವುದು ಸ್ಪೀಕರಿನ ಅರ್ಧ ಓಮ್ ಮಾತ್ರ. 4 ಓಮ್ ಸಬ್ ಹಾಕಿದರೆ ಒಂದೊಂದಕ್ಕೆ 2 ಓಮ್, ಅದನ್ನು ಈ ಆಂಪ್ ತಡೆಯುತ್ತದೆ. 2 ಓಮ್ ಹಾಕಿದರೆ ಒಂದೊಂದಕ್ಕೆ 1 ಓಮ್. ಅದೇ ವೋಲ್ಟಿಗೆ ಎರಡರಷ್ಟು ಕರೆಂಟ್. ಒಳಗಿನ ಟ್ರಾನ್ಸಿಸ್ಟರ್‌ಗಳು ಕಾದು, ಸುಡುವ ಮೊದಲು ಆಂಪ್ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಆ ಕೆಂಪು ದೀಪ ಹೇಳುತ್ತಿದ್ದದ್ದು ಇದನ್ನೇ. ಮುಂದಿನ ಸ್ಪೀಕರುಗಳೂ ಅದೇ ಆಂಪ್‌ನಲ್ಲಿ ಇರುವುದರಿಂದ ಅವೂ ಜೊತೆಗೇ ಮೌನವಾಗುತ್ತಿದ್ದವು.

"ಹಾಗಾದ್ರೆ ಆಂಪ್ ಸಣ್ಣದಾಗಿದ್ದಲ್ವಾ?"

"ಅಲ್ಲ ಭಾವ. ಇದೇ ಓಮ್ ಮಿತಿ ಇರುವ ಇನ್ನೂ ದೊಡ್ಡದು ತಂದು ಹೀಗೇ ಜೋಡಿಸಿದ್ರೂ ಅದೂ ಬಾಗಿಲು ಹಾಕುತ್ತೆ. ವ್ಯಾಟ್ ಆಮೇಲೆ. ಮೊದಲು ಓಮ್ ಕೂಡಬೇಕು."

ಹೇಳಿದರೆ ಸಾಲದು, ತೋರಿಸಬೇಕು. ಬಾಕ್ಸ್‌ನ ಸ್ಕ್ರೂ ಬಿಚ್ಚಿ ಸಬ್ ಹೊರಗೆ ತೆಗೆದು ಕಾಯಿಲ್‌ಗಳನ್ನು ಸೀರೀಸ್ ಮಾಡಿದೆ. ಮೊದಲನೆಯದರ ಮೈನಸ್ಸಿಗೆ ಎರಡನೆಯದರ ಪ್ಲಸ್ ಸೇರಿಸಿ, ಉಳಿದ ಎರಡು ತುದಿ ಹೊರಗೆ. ಮೀಟರ್ 7.2 ತೋರಿಸಿತು, ಅಂದರೆ 8 ಓಮ್. ಬ್ರಿಡ್ಜ್‌ಗೆ ಇದು ಹೂವಿನ ಭಾರ. ಮಧ್ಯಾಹ್ನ ಊಟ ಆದಮೇಲೆ ಭಾವನೂ ನಾನೂ ಜೋಗದ ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಹೋಗಿ ಬಂದೆವು, ಹಾಡು ನಿಲ್ಲಿಸದೆ. ಕೆಂಪು ದೀಪ ಒಂದು ಸಲವೂ ಬರಲಿಲ್ಲ. ಬೇಸ್ ಮಾತ್ರ ಇಳಿದಿತ್ತು. 8 ಓಮ್‌ಗೆ ಈ ಆಂಪ್ ಕೊಡುವುದು 150 ವ್ಯಾಟ್ ಆಸುಪಾಸು, 300 ವ್ಯಾಟ್ ತಿನ್ನುವ ಸಬ್‌ಗೆ ಅದು ಅರ್ಧ. ಆದರೂ ಇದ್ದಷ್ಟು ಬೇಸ್ ಸ್ವಚ್ಛವಾಗಿತ್ತು. ಮುಂಚಿನ ಗೊರಗೊರ ಹೋಗಿತ್ತು.

ಭಾವನಿಗೆ ನಂಬಿಕೆ ಬಂತು. ಇನ್ನು ಏನು ತರಬೇಕು ಅನ್ನುವ ಮಾತಿಗೆ ಬಂದೆವು.

ಏನು ತರುವುದು

ಸಬ್ ಚೆನ್ನಾಗಿದೆ, ಅದನ್ನು ಬದಲಿಸುವ ಮಾತೇ ಇಲ್ಲ. 4+4 ಕಾಯಿಲ್ ಇರುವ ಒಂದು ಸಬ್ ಎರಡೇ ರೂಪದಲ್ಲಿ ಕಾಣುತ್ತದೆ, 2 ಓಮ್ ಅಥವಾ 8 ಓಮ್. 4 ಓಮ್ ಮಾಡಲು ಒಂದೇ ಕಾಯಿಲ್ ಬಳಸಬೇಕಾಗುತ್ತದೆ, ಆಗ ಸಬ್‌ನ ಶಕ್ತಿಯೂ ಅರ್ಧ. ಕೊಳ್ಳುವಾಗಲೇ 2+2 ಕಾಯಿಲಿನದ್ದು ತಂದಿದ್ದರೆ ಸೀರೀಸ್ ಮಾಡಿ 4 ಓಮ್ ಬರುತ್ತಿತ್ತು, ಹಳೇ ಆಂಪ್‌ನ ಬ್ರಿಡ್ಜ್‌ಗೆ ಸರಿಯಾಗಿ ಹೊಂದುತ್ತಿತ್ತು. ಮಾರಾಟದ ಮೇಜಿನ ಮುಂದೆ ಯಾರೂ ಇದನ್ನು ಕೇಳುವುದಿಲ್ಲ, ಕೇಳಬೇಕಾದ್ದು ಇದೊಂದೇ ಪ್ರಶ್ನೆ: ಈ ಸಬ್‌ನ ಕಾಯಿಲ್ ಎಷ್ಟು ಓಮ್, ನನ್ನ ಆಂಪ್ ಎಷ್ಟು ಓಮ್‌ವರೆಗೆ ತಡೆಯುತ್ತದೆ.

ಕಾಯಿಲ್‌ಗಳನ್ನು ಮತ್ತೆ ಪ್ಯಾರಲಲ್ ಮಾಡಿ 2 ಓಮ್‌ಗೇ ತರುವುದು. ನಮಗೆ ಬೇಕಾದ್ದು 2 ಓಮ್‌ನಲ್ಲಿ ಸುಮಾರು 300 ವ್ಯಾಟ್ ಆರ್‌ಎಂಎಸ್ ಕೊಡುವ ಒಂದು ಮೊನೊಬ್ಲಾಕ್, ಅಂದರೆ ಒಂದೇ ಚಾನೆಲ್‌ನ ಆಂಪ್. ಹಳೆಯ ನಾಲ್ಕು ಚಾನೆಲ್ ಆಂಪ್ ಬಾಗಿಲ ಸ್ಪೀಕರುಗಳಿಗೆ ಉಳಿಯಲಿ. 4 ಓಮ್‌ಗೆ 75 ವ್ಯಾಟ್, ಸ್ಪೀಕರಿನ ಮೇಲೆ ಬರೆದದ್ದು 4 ಓಮ್, 70 ವ್ಯಾಟ್ ಆರ್‌ಎಂಎಸ್. ಇದಕ್ಕಿಂತ ಒಳ್ಳೆಯ ಜೋಡಿ ಬೇಡ.

ಮೋಟಾರ್ ತಂತಿ ತರಲು ಹೇಗೂ ಬೆಂಗಳೂರಿಗೆ ಹೋಗುವುದಿತ್ತು, ಎಸ್.ಪಿ. ರಸ್ತೆಯಲ್ಲೇ ನೋಡಿದೆ. ಒಂದು ಕಡೆ 1 ಓಮ್‌ಗೆ 1000 ವ್ಯಾಟ್ ಕೊಡುವ ಆಂಪ್ ತೋರಿಸಿದರು. ನಮ್ಮ ಒಂದೇ ಸಬ್ 1 ಓಮ್ ಆಗುವುದೇ ಇಲ್ಲ, ಆ 1000 ನಮಗೆ ಯಾವತ್ತೂ ಸಿಗದ ಅಂಕಿ. ಕೊನೆಗೆ ತಂದದ್ದು ಒಂದು ಕ್ಲಾಸ್ ಡಿ ಮೊನೊಬ್ಲಾಕ್: 4 ಓಮ್‌ಗೆ 180, 2 ಓಮ್‌ಗೆ 300, 1 ಓಮ್‌ಗೆ 450. ಕ್ಲಾಸ್ ಡಿ ಆದ್ದರಿಂದ ತಿಂದದ್ದರಲ್ಲಿ ಸುಮಾರು ಶೇಕಡಾ 80 ಸಬ್‌ಗೆ ತಲುಪುತ್ತದೆ, ಬಿಸಿಯೂ ಕಡಿಮೆ.

ಇನ್ನೂ ದೊಡ್ಡದು ಬೇಡವಾ ಅಂತ ಭಾವ ಫೋನಿನಲ್ಲಿ ಕೇಳಿದರು. ವ್ಯಾಟ್ ಎರಡು ಪಟ್ಟು ಮಾಡಿದರೆ ಶಬ್ದ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ ಅಷ್ಟೆ. ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. 300ರಿಂದ 500ಕ್ಕೆ ಹೋಗಲು ಸುರಿಯುವ ದುಡ್ಡನ್ನು ಕೇಬಲ್‌ಗೆ ಹಾಕಿದರೆ ಫಲ ಹೆಚ್ಚು ಅಂದೆ. ನಿಜಕ್ಕೂ ಈ ಕಾರಿನ ಇನ್ನೊಂದು ರೋಗ ಕೇಬಲ್‌ನಲ್ಲೇ ಇತ್ತು.

ಕೇಬಲ್

ಹಳೇ ವೈರಿಂಗ್ ಬಿಚ್ಚುವ ಮೊದಲೇ ಒಂದು ಅಳತೆ ತೆಗೆದಿಟ್ಟಿದ್ದೆ. ಎಂಜಿನ್ ಓಡುತ್ತಿದೆ, ಬೇಸ್ ಇರುವ ಹಾಡು ಜೋರಾಗಿದೆ, ಕೆಂಪು ದೀಪ ಬರುವ ಮುಂಚಿನ ಹತ್ತು ನಿಮಿಷ. ಬ್ಯಾಟರಿ ಮೇಲೆ 13.6 ವೋಲ್ಟ್ ಇರುವಾಗ ಆಂಪ್‌ನ ಟರ್ಮಿನಲ್‌ನಲ್ಲಿ 11.5. ದಾರಿಯಲ್ಲಿ 2.1 ವೋಲ್ಟ್ ಮಾಯ. ಅದು ಎಲ್ಲಿ ಹೋಯಿತು ಅಂತ ತುಂಡು ತುಂಡಾಗಿ ಹುಡುಕಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದನ್ನು ಉದ್ದ ವೈರ್ ಕಟ್ಟಿ ಆಂಪ್‌ನ ಪ್ಲಸ್ಸಿಗೆ ಇಟ್ಟೆ: 0.9. ಅದೇ ರೀತಿ ಮೈನಸ್ಸಿಂದ ಮೈನಸ್ಸಿಗೆ: 1.2. ಎರಡೂ ಕಡೆ ಕೆಟ್ಟಿದೆ, ಅರ್ತ್ ಇನ್ನೂ ಹೆಚ್ಚು.

ಪ್ಲಸ್ ಕೇಬಲ್ ಹೊರಗಿನಿಂದ ಹೆಬ್ಬೆರಳಿನಷ್ಟು ದಪ್ಪ, ಕೆಂಪಗೆ ಮಿರುಗುತ್ತಿತ್ತು. ತುದಿ ಕತ್ತರಿಸಿದಾಗ ಸಿಪ್ಪೆಯೇ ಅರ್ಧ. ಒಳಗಿನ ಎಳೆಯೊಂದನ್ನು ಬಿಳಿ ಟೈಲ್ ಮೇಲೆ ಇಟ್ಟು ಚಾಕುವಿನ ಮೊನೆಯಿಂದ ಕೆರೆದೆ. ತಾಮ್ರದ ಬಣ್ಣ ಹುಡಿಯಾಗಿ ಉದುರಿ ಕೆಳಗೆ ಬೆಳ್ಳಗೆ ಕಂಡಿತು. ಎಳೆಯನ್ನು ಎರಡು ಸಲ ಬಗ್ಗಿಸಿದೆ, ಪಟ್ ಅಂತ ಮುರಿಯಿತು. ತಾಮ್ರ ಅಷ್ಟು ಸುಲಭದಲ್ಲಿ ಮುರಿಯುವುದಿಲ್ಲ, ದಿನವೂ ಕೈಯಲ್ಲಿ ಹಿಡಿಯುವ ನನಗೆ ಅದು ಗೊತ್ತು. ಇದು ತಾಮ್ರದ ಲೇಪ ಇರುವ ಅಲ್ಯುಮಿನಿಯಂ. ಅದೇ ದಪ್ಪದ ಶುದ್ಧ ತಾಮ್ರಕ್ಕೆ ಹೋಲಿಸಿದರೆ ಕರೆಂಟ್ ಒಯ್ಯುವ ಶಕ್ತಿ ಮೂರನೇ ಎರಡು ಪಾಲಿನಷ್ಟು. ಅಲ್ಯುಮಿನಿಯಂ ಹಾಕುವುದು ಅಪರಾಧವೇನಲ್ಲ, ಅದಕ್ಕೆ ತಕ್ಕಂತೆ ದಪ್ಪ ಹಾಕಿದ್ದರೆ ನಡೆಯುತ್ತಿತ್ತು. ತಾಮ್ರ ಅಂತ ಹೇಳಿ ಸಣ್ಣದನ್ನು ಹಾಕಿದ್ದು ನನಗೆ ಬೇಸರ ತಂದಿತು.

ಹೊಸ ಲೆಕ್ಕ ಹೀಗೆ. ಮೊನೊಬ್ಲಾಕ್ 300 ವ್ಯಾಟ್ ಕೊಡಲು 375 ತಿನ್ನುತ್ತದೆ. ನಾಲ್ಕು ಚಾನೆಲ್‌ನದ್ದು ಪೂರಾ 300 ಕೊಡಲು 545 ತಿನ್ನುತ್ತದೆ. ಒಟ್ಟು 920, ಅದನ್ನು 13.8ರಿಂದ ಭಾಗಿಸಿದರೆ 67 ಆಂಪಿಯರ್. ಹಾಡಿನಲ್ಲಿ ಇಷ್ಟು ಸತತವಾಗಿ ಎಳೆಯುವುದಿಲ್ಲ, ಸರಾಸರಿ ಇದರ ಮೂರನೇ ಒಂದು ಪಾಲೂ ಬರುವುದು ಕಷ್ಟ. ಆದರೆ ಕೇಬಲ್ ಮತ್ತು ಫ್ಯೂಸ್ ಈ 67ಕ್ಕೇ ಆಯ್ಕೆ ಆಗಬೇಕು. ಆಂಪ್ ಕಿಟ್ ಅಂತ ಮಾರುವುದನ್ನು ಬಿಟ್ಟು ಹಾರ್ಡ್‌ವೇರ್ ಅಂಗಡಿಯಿಂದ 25 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ತಂದೆ. ನೂರಾರು ಸಣ್ಣ ಎಳೆ ಇರುವುದರಿಂದ ಹಾವಿನ ಹಾಗೆ ಬಳುಕುತ್ತದೆ, ಸೀಟಿನಡಿ ತೂರಿಸುವುದು ಸಲೀಸು. ಐದು ಮೀಟರಿಗೆ 67 ಆಂಪಿಯರ್ ಹರಿದರೂ ಕಾಲು ವೋಲ್ಟಿಗಿಂತ ಹೆಚ್ಚು ನುಂಗುವುದಿಲ್ಲ. ವೆಲ್ಡಿಂಗ್ ಕೇಬಲ್‌ನಲ್ಲೂ ಅಲ್ಯುಮಿನಿಯಂ ಬರುತ್ತದೆ, ಅಂಗಡಿಯಲ್ಲೇ ತುದಿ ಕೆರೆದು ನೋಡಿ ತೆಗೆದುಕೊಳ್ಳಬೇಕು.

ಫ್ಯೂಸ್ 80 ಆಂಪಿಯರ್, ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ. ಒಂದೂವರೆ ಅಡಿ ದಾಟಲೇಬಾರದು. ಹಳೆಯದು ಎಲ್ಲಿತ್ತು ಗೊತ್ತೆ? ಡಿಕ್ಕಿಯಲ್ಲಿ, ಆಂಪ್ ಪಕ್ಕ. ಫ್ಯೂಸ್ ಇರುವುದು ಆಂಪ್ ಕಾಯಲು ಅಲ್ಲ, ಕೇಬಲ್ ಕಾಯಲು. ಎಂಜಿನ್ ರೂಮಿನ ತಗಡಿಗೆ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿಯ ಇಡೀ ಶಕ್ತಿ ಅಲ್ಲೇ ಕಿಡಿಯಾಗುತ್ತದೆ, ಡಿಕ್ಕಿಯಲ್ಲಿರುವ ಫ್ಯೂಸಿಗೆ ಸುದ್ದಿಯೂ ಹೋಗುವುದಿಲ್ಲ. ಕೇಬಲ್ ಒಳಬರುವ ತೂತಿಗೆ ರಬ್ಬರ್ ಬುಷ್ ಕೂಡ ಇರಲಿಲ್ಲ. ಎರಡನ್ನೂ ಮೊದಲು ಸರಿ ಮಾಡಿದೆ, ಉಳಿದದ್ದೆಲ್ಲ ಆಮೇಲೆ. ಎರಡು ಮಕ್ಕಳು ಹಿಂದಿನ ಸೀಟಿನಲ್ಲಿ ಕೂರುವ ಕಾರು ಅದು.

ಅರ್ತ್ ಕೊಟ್ಟದ್ದು ಸೀಟ್ ಬೆಲ್ಟಿನ ಬೋಲ್ಟಿಗೆ, ಬಣ್ಣದ ಮೇಲೆಯೇ. ಜೀವ ಹಿಡಿಯುವ ಬೋಲ್ಟ್ ಅದು, ಅದನ್ನು ಸಡಿಲಿಸಿ ಲಗ್ (ವೈರಿನ ತುದಿಯ ಬಳೆ) ತುರುಕಬಾರದು. ಬೋಲ್ಟನ್ನು ಮೊದಲಿನ ಹಾಗೆ ಬಿಗಿ ಮಾಡಿ, ಡಿಕ್ಕಿಯ ಮೂಲೆಯಲ್ಲಿ ಬಾಡಿಯ ದಪ್ಪ ತಗಡಿಗೆ ಬೇರೆ ಬೋಲ್ಟ್ ಹಾಕಿದೆ, ಕೆಳಗೆ ಪೆಟ್ರೋಲ್ ಪೈಪ್ ಇಲ್ಲ ಅಂತ ಕಾರಿನಡಿ ಮಲಗಿ ನೋಡಿಕೊಂಡು. ಸ್ಯಾಂಡ್‌ಪೇಪರಿನಿಂದ ಬಣ್ಣ ಉಜ್ಜಿ ಬೆಳ್ಳಿಯಂತೆ ಹೊಳೆಯುವವರೆಗೆ ಬಿಡಲಿಲ್ಲ. ಲಗ್ ಬಿಗಿಯಾದ ಮೇಲೆ ಮೇಲಿನಿಂದ ಗ್ರೀಸ್. ನಮ್ಮ ಮಳೆಗಾಲಕ್ಕೆ ಬರಿ ತಗಡು ಒಂದು ತಿಂಗಳಲ್ಲಿ ಕೆಂಪಾಗುತ್ತದೆ. ಬಾನೆಟ್ ಅಡಿಯಲ್ಲಿ ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ ಹೋಗುವ ತೆಳ್ಳನೆ ವೈರ್ ಪಕ್ಕ ಇನ್ನೊಂದು ಅದೇ 25ರ ತುಂಡು ಸೇರಿಸಿದೆ.

ಮತ್ತೆ ಅಳೆದಾಗ ಪ್ಲಸ್ ಕಡೆ 0.15, ಮೈನಸ್ ಕಡೆ 0.1. ಆಂಪ್‌ಗೆ 13.3 ತಲುಪುತ್ತಿತ್ತು. ಮೊದಲು ಆಕ್ಸಿಲರೇಟರ್ ಒತ್ತಿದಾಗ ಸ್ಪೀಕರಿನಲ್ಲಿ ಕುಂಯ್ ಅಂತ ಏರುತ್ತಿದ್ದ ಸದ್ದೂ ಬಹುಪಾಲು ಹೋಯಿತು. ಚೂರು ಉಳಿದಿದ್ದದ್ದು, ಸ್ಟೀರಿಯೊದಿಂದ ಆಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ವೈರನ್ನು ಪವರ್ ಕೇಬಲ್ ಪಕ್ಕದಿಂದ ತೆಗೆದು ಕಾರಿನ ಇನ್ನೊಂದು ಬದಿಗೆ ಎಳೆದಾಗ ನಿಂತಿತು.

ಬಾಕ್ಸ್

ರೆಡಿಮೇಡ್ ಬಾಕ್ಸ್ ತೂತಿನದ್ದು, ಅಂದರೆ ಪೋರ್ಟೆಡ್. ಯಾವ ಸಬ್‌ಗೆ ಅಂತ ಮಾಡಿದ್ದೋ ತಿಳಿಯದು. ಭಾವನಿಗೆ ಜೋರಿನ ಜೊತೆ ಬಿಗಿಯಾದ ಬೇಸ್ ಬೇಕು, ಅಪ್ಪ ಆ ಕಾರಿನಲ್ಲಿ ಕೂತರೆ ಯಕ್ಷಗಾನವೇ ಆಗಬೇಕು. ಹಾಗಾಗಿ ಮುಚ್ಚಿದ ಬಾಕ್ಸ್ ಮಾಡುವುದೆಂದು ತೀರ್ಮಾನಿಸಿದೆವು.

ಸಬ್‌ನ ಚೀಟಿಯಲ್ಲಿ ಎರಡು ಅಂಕಿ ಬೇಕು: ಕೋನ್‌ನ ಅಲುಗಾಟ ಎಷ್ಟು ಹತೋಟಿಯಲ್ಲಿದೆ ಅಂತ ಹೇಳುವ ಕ್ಯುಟಿಎಸ್ 0.5, ಕೋನ್‌ನ ಹಿಡಿತದಷ್ಟೇ ಮೆತ್ತಗಿರುವ ಗಾಳಿಯ ಅಳತೆ ವ್ಯಾಸ್ 45 ಲೀಟರ್. ಮುಚ್ಚಿದ ಬಾಕ್ಸಿನಲ್ಲಿ ಸಮತಟ್ಟಾದ ಬೇಸ್ ಬರಲು ಬಾಕ್ಸ್ ಸೇರಿದ ಒಟ್ಟು ಕ್ಯು 0.707 ಆಗಬೇಕು. 0.707ನ್ನು 0.5ರಿಂದ ಭಾಗಿಸಿ ವರ್ಗ ಮಾಡಿದರೆ 2. ಅದರಿಂದ 1 ಕಳೆದರೆ 1. ವ್ಯಾಸ್ ಅನ್ನು ಆ 1ರಿಂದ ಭಾಗಿಸಿದರೆ 45 ಲೀಟರ್. ಕೋನ್, ಅಯಸ್ಕಾಂತ ತಿನ್ನುವ ಜಾಗ ಮತ್ತು ಒಳಗಿನ ಒಂದು ಅಡ್ಡಪಟ್ಟಿ ಸೇರಿಸಿ 49. ಒಳ ಅಳತೆ 44, 34, 33 ಸೆಂಟಿಮೀಟರ್ ಇಟ್ಟರೆ ಸರಿಹೋಗುತ್ತದೆ.

ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಬೇಡ ಅಂದೆ. ಬಯಲುಸೀಮೆಯಲ್ಲಿ ಅದು ಚೆನ್ನ, ಇಲ್ಲಿ ಜೂನ್ ಬಂದರೆ ಅಂಚು ಉಬ್ಬಿ ರೊಟ್ಟಿಯಂತೆ ಪದರ ಬಿಡುತ್ತದೆ. ನೀರಿಗೆ ತಡೆಯುವ 18 ಮಿಲಿಮೀಟರ್ ಪ್ಲೈವುಡ್ಡನ್ನು ನಮ್ಮ ಬೀದಿಯ ಆಚಾರಿಗಳು ಕೊಯ್ದು ಕೊಟ್ಟರು. ಸಂದಿಗೆಲ್ಲ ಫೆವಿಕಾಲ್, ಮೂರಿಂಚಿಗೊಂದು ಸ್ಕ್ರೂ, ಒಳ ಮೂಲೆಗೆ ಸಿಲಿಕಾನ್.

ಸೋರಿಕೆ ಪರೀಕ್ಷೆಗೆ ಅಕ್ಕನ ದೇವರ ಮನೆಯಿಂದ ಒಂದು ಊದುಬತ್ತಿ. ಸಬ್ ಕೂರಿಸಿ ಮೆಲ್ಲಗೆ 20 ಹರ್ಟ್ಸ್ ಟೋನ್ ಬಿಟ್ಟೆ. ಕಿವಿಗೆ ಏನೂ ಕೇಳುವುದಿಲ್ಲ, ಕೋನ್ ಮಾತ್ರ ಉಸಿರಾಡುವ ಹಾಗೆ ಒಳಹೊರಗೆ ಆಡುತ್ತದೆ. ಬತ್ತಿಯನ್ನು ಸಂದಿಯುದ್ದಕ್ಕೂ ನಿಧಾನ ಸರಿಸುತ್ತಾ ಹೋದೆ. ಹೊಗೆ ನೂಲಿನಂತೆ ನೆಟ್ಟಗೆ ಏರುತ್ತಿತ್ತು. ಹಿಂಬದಿಯ ಟರ್ಮಿನಲ್ ಕಪ್ ಹತ್ತಿರ ಬಂದಾಗ ನೂಲು ತುಂಡಾಗಿ ಪುಕ್ ಪುಕ್ ಅಂತ ಹಾರತೊಡಗಿತು. ಕಪ್‌ನ ಸುತ್ತ ಗ್ಯಾಸ್ಕೆಟ್ ಇಟ್ಟು ಬಿಗಿ ಮಾಡಿದ ಮೇಲೆ ಅಲ್ಲಿಯೂ ನೆಟ್ಟಗಾಯಿತು. ಅಕ್ಕನ ಮಗಳು ಇದನ್ನು ಮೂರು ಸಲ ಮಾಡಿಸಿ ನೋಡಿದಳು.

ಎರಡನೇ ಭಾನುವಾರ

ಬಾಗಿಲ ಪ್ಯಾಡ್ ತೆಗೆದಾಗ ಎರಡು ವಿಷಯ ಗೊತ್ತಾಯಿತು. ಬಲಗಡೆ ಟ್ವೀಟರ್ (ಚೂಪು ಸ್ವರದ ಸಣ್ಣ ಸ್ಪೀಕರ್) ಸತ್ತಿದೆ, ಮೀಟರಿನಲ್ಲಿ ಕಾಯಿಲ್ ಕಟ್. ಎಡಗಡೆ ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲು. ಎರಡನೆಯದನ್ನು ಹುಡುಕಲು ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ ಸಾಕು. ಆಂಪ್ ಕಡೆಯಿಂದ ವೈರ್ ಬಿಡಿಸಿ, ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದರೆ ಕೋನ್ ಹೊರಗೆ ನೆಗೆಯಬೇಕು. ಬಲಗಡೆಯದು ನೆಗೆಯಿತು, ಎಡಗಡೆಯದು ಒಳಗೆ ಹೋಯಿತು. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಮಧ್ಯದ ಬೇಸ್ ಗಾಳಿಯಲ್ಲೇ ಒಂದಕ್ಕೊಂದು ಕಡಿದು ಹೋಗುತ್ತದೆ. ಮುಂದಿನ ಸ್ಪೀಕರಿನಲ್ಲಿ ದಮ್ಮೇ ಇಲ್ಲ ಅಂತ ಭಾವ ಗೇನ್ ಪೂರ್ತಿ ತಿರುಗಿಸಿಟ್ಟಿದ್ದರು. ಟ್ವೀಟರ್ ಸತ್ತದ್ದು ಅದರಿಂದಲೇ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಸ್ಪೀಕರುಗಳು ಸಾಯುವುದು ಈ ಗೇನ್ ತಿರುಗಣಿಯ ಕೈಯಲ್ಲಿ. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ ವೋಲ್ಟಿಗೂ ಆಂಪ್ ಕೊಡಬಲ್ಲ ವೋಲ್ಟಿಗೂ ಹೊಂದಾಣಿಕೆ ಮಾಡುವ ಕೀಲಿ. ಅತಿಯಾಗಿ ತಿರುಗಿಸಿದರೆ ಅಲೆಯ ತಲೆ ಆಂಪ್‌ನ ಮಿತಿಗೆ ಬಡಿದು ಚಪ್ಪಟೆಯಾಗುತ್ತದೆ, ಅದೇ ಕ್ಲಿಪ್ಪಿಂಗ್. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ ದುಂಡನೆಯ ಅಲೆಗಿಂತ ಎರಡರಷ್ಟು ಶಕ್ತಿ ಇರುತ್ತದೆ. 75 ವ್ಯಾಟಿನ ಚಾನೆಲ್ ಆಗ 150ರ ಕಡೆಗೆ ಹೋಗುತ್ತದೆ, ಜೊತೆಗೆ ಹುಟ್ಟುವ ಚೂಪು ಸ್ವರಗಳೆಲ್ಲ ಕೂದಲೆಳೆ ಕಾಯಿಲಿನ ಟ್ವೀಟರಿಗೆ. ಸಣ್ಣ ಆಂಪ್ ಸ್ಪೀಕರ್ ಸುಡುತ್ತದೆ ಅನ್ನುವ ಮಾತಿನ ಹಿಂದಿರುವುದು ಇದು. ಸಣ್ಣ ಆಂಪ್ ಅದರ ಮಿತಿಯೊಳಗೆ ಓಡಿದರೆ ಏನನ್ನೂ ಸುಡುವುದಿಲ್ಲ.

ಟ್ವೀಟರ್ ಜೋಡಿ ಬದಲಿಸಿ, ಎಡಗಡೆ ವೈರ್ ತಿರುಗಿಸಿ, ಬಾಗಿಲ ತಗಡಿಗೆ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿ ಮುಚ್ಚಿದೆ. ಹಿಂದಿನ ಸ್ಪೀಕರುಗಳನ್ನು ಸ್ಟೀರಿಯೊದಲ್ಲೇ ಬಿಟ್ಟೆವು. ಅವುಗಳ ಶಕ್ತಿ ಕಡಿಮೆ, 75 ವ್ಯಾಟ್ ಕೊಟ್ಟರೆ ಹರಿದು ಹೋಗುತ್ತವೆ. ಆಂಪ್‌ನ ಎರಡು ಚಾನೆಲ್ ಸುಮ್ಮನೆ ಖಾಲಿ ಇವೆ, ಇರಲಿ.

ಗೇನ್ ಕೂರಿಸಿದ್ದು ಮಲ್ಟಿಮೀಟರಿನಿಂದ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. ಸಬ್‌ಗೆ 300 ಮತ್ತು 2, ಗುಣಿಸಿದರೆ 600, ಮೂಲ 24.5. ಸ್ವಲ್ಪ ಅಂಚು ಬಿಟ್ಟು 22 ಅಂತ ಇಟ್ಟುಕೊಂಡೆ, ಅದು 242 ವ್ಯಾಟ್. ಕಿವಿಗೆ 1 ಡೆಸಿಬೆಲ್ ವ್ಯತ್ಯಾಸ, ಕಾಯಿಲ್‌ಗೆ ಎಷ್ಟೋ ನೆಮ್ಮದಿ. ಸಬ್‌ನ ವೈರ್ ಬಿಡಿಸಿ, ಸ್ಟೀರಿಯೊದಲ್ಲಿ ಬೇಸ್ ಬೂಸ್ಟ್, ಈಕ್ವಲೈಸರ್ ಎಲ್ಲ ಸೊನ್ನೆ ಮಾಡಿ, ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 50 ಹರ್ಟ್ಸ್‌ನ ಟೋನ್ ಫೈಲ್ ಹಾಕಿದೆ. ಮೀಟರ್ ಎಸಿ ವೋಲ್ಟಿನಲ್ಲಿ. ಗೇನ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ 9, 14, 19, ಆಮೇಲೆ 22. ಅಲ್ಲಿಗೆ ನಿಲ್ಲಿಸಿ ಪೆನ್ನಿನಿಂದ ಗುರುತು ಹಾಕಿದೆ. ಹಳೇ ಆಂಪ್‌ನಲ್ಲಿ ಸಬ್‌ನ ಗೇನನ್ನು ಅಂಗಡಿಯಲ್ಲಿ ಕಿವಿಯಿಂದ ಕೂರಿಸಿದ್ದರು, ಆದರೆ ಕಿವಿಗೆ ಬೇಸ್‌ನ ಕ್ಲಿಪ್ಪಿಂಗ್ ಬೇಗ ಗೊತ್ತಾಗುವುದಿಲ್ಲ.

ಮುಂದಿನವಕ್ಕೆ 70 ಗುಣಿಸು 4, ಮೂಲ 16.7. 15 ವೋಲ್ಟ್ ಇಟ್ಟೆ. ಇದಕ್ಕೆ 1000 ಹರ್ಟ್ಸ್ ಟೋನ್ ಬಳಸಿ ಅಂತ ಹೆಚ್ಚಿನವರು ಹೇಳುತ್ತಾರೆ, ಆದರೆ ಅಗ್ಗದ ಮಲ್ಟಿಮೀಟರ್‌ಗಳು ನಮ್ಮ ಮನೆ ಕರೆಂಟಿನ 50 ಹರ್ಟ್ಸ್‌ಗೆ ತಯಾರಾದವು, ಮೇಲೆ ಹೋದಂತೆ ತಪ್ಪು ಹೇಳುತ್ತವೆ. ಅದಕ್ಕೆ ಫಿಲ್ಟರ್ ಆಫ್ ಮಾಡಿ, ಸ್ಪೀಕರ್ ಬಿಡಿಸಿ, 100 ಹರ್ಟ್ಸ್‌ನಲ್ಲೇ ಅಳೆದು ಆಮೇಲೆ ಫಿಲ್ಟರ್ ಹಾಕಿದೆ. ಟೋನ್ ಕೆಲಸವನ್ನೆಲ್ಲ ಹಗಲಲ್ಲೇ ಮುಗಿಸಿದ್ದು ಅಕ್ಕಪಕ್ಕದವರ ಮೇಲಿನ ಗೌರವಕ್ಕೆ. ವಸತಿ ಪ್ರದೇಶದಲ್ಲಿ ರಾತ್ರಿ 10ರ ಮೇಲೆ 45 ಡೆಸಿಬೆಲ್ ದಾಟಬಾರದು ಅಂತ ಕಾನೂನೂ ಇದೆ.

ಸಂಜೆ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಫಿಲ್ಟರ್ ಹೊಂದಿಸಿದೆವು. ಸಬ್‌ನ ಲೋ ಪಾಸ್, ಅಂದರೆ ಇಟ್ಟ ಅಂಕಿಯ ಕೆಳಗಿನ ಸ್ವರ ಮಾತ್ರ ಬಿಡುವ ಫಿಲ್ಟರ್, ಮೊದಲು 120 ಹರ್ಟ್ಸ್‌ನಲ್ಲಿತ್ತು. ಯಕ್ಷಗಾನದ ಪದ ಹಾಕಿದಾಗ ಅಪ್ಪ ಹಿಂದೆ ತಿರುಗಿ ನೋಡಿದರು.

"ಭಾಗವತರು ಡಿಕ್ಕಿಯಲ್ಲಿ ಕೂತು ಹಾಡ್ತಾರಲ್ಲೋ."

ಮಾತು ಸರಿಯಾಗಿತ್ತು. ಗಂಡುದನಿಯ ಬುಡ 100 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಅದು ಸಬ್‌ನಿಂದ ಬಂದರೆ ಕಿವಿ ಹಿಂದಕ್ಕೆ ಹೋಗುತ್ತದೆ. ಲೋ ಪಾಸನ್ನು 80ಕ್ಕೆ ಇಳಿಸಿ, ಮುಂದಿನ ಸ್ಪೀಕರಿಗೆ 80ರಲ್ಲಿ, ಮೇಲಿನ ಸ್ವರ ಮಾತ್ರ ಬಿಡುವ ಹೈ ಪಾಸ್ ಹಾಕಿದೆ. ದನಿ ಗಾಜಿನ ಹತ್ತಿರಕ್ಕೆ ಬಂತು. ಸಬ್‌ನ ತಳ್ಳುವುದು ಎಳೆಯುವುದನ್ನು ಅದಲುಬದಲು ಮಾಡುವ ಫೇಸ್ ಸ್ವಿಚ್ಚನ್ನು 180ಕ್ಕೆ ಹಾಕಿದಾಗ ಮದ್ದಳೆಯ ಗುಂ ಇನ್ನೂ ತುಂಬಿತು, ಅಲ್ಲೇ ಬಿಟ್ಟೆ. ಚೆಂಡೆ ಏರಿದಾಗ ಹೊಸ ಟ್ವೀಟರ್ ಚುಚ್ಚದೆ ಬಿಡಿಬಿಡಿಯಾಗಿ ಪೆಟ್ಟು ಕೊಟ್ಟಿತು. ಅಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಅದಾದಮೇಲೆ ಭಾವನ ಸರದಿ, ಡೊಳ್ಳು ಕುಣಿತದ ರೆಕಾರ್ಡಿಂಗ್. ಡೊಳ್ಳಿನ ಎಡಗೈ ಪೆಟ್ಟು ಬಿದ್ದ ಕೂಡಲೇ ನಿಲ್ಲುತ್ತಿತ್ತು, ಮೊದಲಿನ ಹಾಗೆ ಒಂದರ ಬಾಲ ಇನ್ನೊಂದಕ್ಕೆ ಅಂಟುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಶಿವಮೊಗ್ಗ ಮುಟ್ಟಿ ಫೋನ್ ಮಾಡಿದರು. ದಾರಿಯುದ್ದಕ್ಕೂ ಹಾಡು ನಿಂತಿಲ್ಲ, ಎರಡೂ ಆಂಪ್ ಮೇಲೆ ಕೈ ಇಟ್ಟರೆ ಬೆಚ್ಚಗೆ ಅಷ್ಟೆ. ಆದರೆ ಡೊಳ್ಳಿನ ಪೆಟ್ಟಿಗೆ ಹಿಂದಿನಿಂದ ಟರ್ ಟರ್ ಅಂತ ಏನೋ ಸದ್ದು, ಸಬ್ ಹರಿಯಿತಾ ಅಂತ ಭಯ ಅವರಿಗೆ. ಕಾರಿನ ಹೊರಗೆ ನಿಂತು ಹಿಂದಿನ ನಂಬರ್ ಪ್ಲೇಟ್ ಒತ್ತಿ ಹಿಡಿದು ಕೇಳಿ ಅಂದೆ. ಒಂದು ನಿಮಿಷ ಬಿಟ್ಟು ಉತ್ತರ ಬಂತು: "ನಿಂತಿತು ಮಾರಾಯ." ಪ್ಲೇಟಿನ ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸಿ ಸ್ಕ್ರೂ ಬಿಗಿ ಮಾಡಲು ಹೇಳಿದೆ.